ಹೊರೆ ಹೊತ್ತವಳಿಗೆ ಸಿಕ್ಕ ದಾರಿ

ನನ್ನ ನಾದಿನಿ ಆರ್ಡಿತ್ ಕಡಲಿಗೆ ಬೆನ್ನು ಹಾಕಿ ನಿಂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ದಂಡೆಯ ಮೇಲೆ ಯಾರೊಂದಿಗೆ ಮಾತಾಡಿದರೂ ಅವಳ ಮುಖ ಅಲೆಯ ಕಡೆಗೇ ಇರುತ್ತದೆ, ಮಾತು ಮಾತ್ರ ನಮ್ಮ ಕಡೆಗೆ ಬರುತ್ತದೆ. ಅವಳ ಅಣ್ಣ, ಅಂದರೆ ನನ್ನ ಗಂಡ, ಬದುಕಿದ್ದಾಗ ಇದನ್ನೇ ಹಿಡಿದು ಕಾಡಿಸುತ್ತಿದ್ದ.

"ಏನೇ, ನನ್ನ ಮುಖ ನೋಡೋಕೆ ಅಷ್ಟು ಬೇಜಾರಾ?"

"ನಿನ್ನ ಮುಖ ಹಿಂದಿಂದ ಬಂದು ನನ್ನ ಎಳ್ಕೊಂಡು ಹೋಗಲ್ವಲ್ಲ ಅಣ್ಣ. ಇದು ಹೋಗುತ್ತೆ."

ನಮ್ಮ ಕರಾವಳಿಯ ಅಲೆಗೆ ಆ ಬುದ್ಧಿಯಿದೆ. ಸುಮ್ಮನಿರುತ್ತದೆ, ಸುಮ್ಮನಿರುತ್ತದೆ, ಆಮೇಲೆ ಒಂದು ಮನೆಯಷ್ಟು ಎತ್ತರ ಎದ್ದು ಬರುತ್ತದೆ. ಅದರ ಎದುರಿಗೆ ಬಲೆ ಹಿಡಿದು ಸೊಂಟದ ನೀರಿನಲ್ಲಿ ನಿಲ್ಲುವವಳು ಆರ್ಡಿತ್. ಎರಡು ಉದ್ದನೆಯ ಕೋಲುಗಳನ್ನು ಒಂದು ತುದಿಯಲ್ಲಿ ಜೋಡಿಸಿ ನಡುವೆ ಜಾಲ ಕಟ್ಟಿದ ಬಲೆ ಅದು. ಅಲೆ ಮುರಿಯುವ ಕ್ಷಣ ನೋಡಿ ಅದರ ಹೊಟ್ಟೆಗೇ ನುಗ್ಗಿ ಬಲೆ ಅದ್ದಬೇಕು. ಸ್ಮೆಲ್ಟ್ ಎಂಬ ಗೇಣುದ್ದದ ಬೆಳ್ಳಿ ಮೀನು ಬೇಸಿಗೆಯಲ್ಲಿ ಮೊಟ್ಟೆಯಿಡಲು ದಂಡೆಯ ಸಣ್ಣಕಲ್ಲಿಗೆ ಬರುತ್ತದೆ, ಅದೂ ನೀರು ಪೂರ್ತಿ ಏರಿದಾಗ. ಅವಳ ತಂದೆಗೆ ಗಂಡುಮಕ್ಕಳಿದ್ದರೂ ಬಲೆ ಕೊಟ್ಟದ್ದು ಇವಳಿಗೆ. ನನ್ನ ಗಂಡನೇ ಹೇಳುತ್ತಿದ್ದ, "ನಾನು ಅಲೆ ನೋಡಿದ್ರೆ ಓಡ್ತೀನಿ, ಇವಳು ಅಲೆ ನೋಡಿದ್ರೆ ಓಡ್ತಾಳೆ. ದಿಕ್ಕು ಮಾತ್ರ ಬೇರೆ."

ವರ್ಷದ ಮಿಕ್ಕ ದಿನಗಳಲ್ಲಿ ಅವಳು ಉತ್ತರದ ಲಿಲ್ಲಿ ಹೂವಿನ ಹೊಲಗಳಲ್ಲಿ ಗೆಡ್ಡೆ ಕೀಳುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಬೆನ್ನು ಬಾಗಿತ್ತೇ ಹೊರತು ಕಾಲು ಕೂತಿರಲಿಲ್ಲ. ಹಗಲೆಲ್ಲ ನಡಿಗೆ. ರೆಡ್‌ವುಡ್ ಮರಗಳ ಕಾಡಿನೊಳಗೆ, ಅದನ್ನು ಕಾಯುವ ಸರ್ಕಾರಿ ಉದ್ಯಾನದವರ ಕಾಲುದಾರಿಗಳಲ್ಲಿ, ಹಿನ್ನೀರಿನ ಅಂಚಿನಲ್ಲಿ, ಕಡಲು ತಂದು ಒಗೆದ ಮರದ ದಿಮ್ಮಿಗಳ ನಡುವೆ. ಅಣಬೆ ತರುತ್ತಾಳೆ, ಹಕಲ್‌ಬೆರಿ ಹಣ್ಣು ತರುತ್ತಾಳೆ, ಏನೂ ಸಿಗದಿದ್ದರೆ ಯಾವ ಕಣಿವೆಯಲ್ಲಿ ಕಡವೆ ಕರು ಹಾಕಿದೆ ಎಂಬ ಸುದ್ದಿ ತರುತ್ತಾಳೆ. ನನಗೆ ಓದು ಅಷ್ಟಕ್ಕಷ್ಟೆ. ಅವಳು ಹೇಳಿದ್ದನ್ನು ಕೇಳಿಯೇ ಈ ಕರಾವಳಿಯ ಅರ್ಧ ನನಗೆ ಗೊತ್ತಾದದ್ದು.

ನಮ್ಮದು ನದಿ ಕಡಲು ಸೇರುವ ಕಡೆಯ ಯುರೋಕ್ ಬುಡಕಟ್ಟಿನವರ ಊರು. ನಮ್ಮ ಮನೆತನಕ್ಕೆ ಸೇರಿದ ಮೀನಿನ ದಂಡೆ ಊರಿಗೆ ದಕ್ಷಿಣದಲ್ಲಿ, ಈಗ ಉದ್ಯಾನದ ಹದ್ದಿನೊಳಗೆ ಇದೆ; ಅಲ್ಲಿನ ಕರಿಯ ದುಂಡು ಕಲ್ಲುಗಳಿಂದಾಗಿ ಕರಿಗುಂಡಿನ ದಂಡೆ ಅಂತ ಕರೆಯುತ್ತೇವೆ. ಎರಡು ಕಡೆ ಬಂಡೆಗಳು ನೀರಿನೊಳಗೆ ಚಾಚಿವೆ, ಹಿಂದೆ ಗೋಡೆಯಂಥ ದಿಬ್ಬ. ನೀರು ಇಳಿದಾಗ ಬಂಡೆಯನ್ನು ಸುತ್ತಿ ನಡೆದು ಹೋಗಬಹುದು. ಆದರೆ ಮೀನು ಬರುವುದು ನೀರು ಏರಿದಾಗ, ಮೀನು ಹಿಡಿದು ಹೊತ್ತುಕೊಂಡು ಆ ಸುತ್ತಿನಲ್ಲಿ ಬರಲಾಗದು. ಆದ್ದರಿಂದ ನನ್ನ ಮದುವೆಗಿಂತ ಮೊದಲಿನಿಂದಲೂ ದಿಬ್ಬದ ಮೈಯಲ್ಲಿ ಒಂದು ಮಣ್ಣುರಸ್ತೆ ಇತ್ತು, ಟ್ರಕ್ಕು ಸೀದಾ ಮರಳಿನವರೆಗೆ ಇಳಿಯುತ್ತಿತ್ತು. ಪ್ರತಿ ಬೇಸಿಗೆ ಅಲ್ಲಿ ಡೇರೆ ಹಾಕಿ, ಮೀನು ಹಿಡಿದು, ಜರಿಸೊಪ್ಪಿನ ಮೇಲೆ ಹರಡಿ, ಮಗುಚಿ ಒಣಗಿಸಿ, ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದೆವು. ಓಕ್ ಕಾಯಿಯ ಗಂಜಿಗೆ ಆ ಒಣಮೀನು ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಮಾಡಿದ ಹಾಗೆ ಅನ್ನಿಸುವುದಿಲ್ಲ.

ಆ ಚಳಿಗಾಲ ಮಳೆ ನಿಲ್ಲಲೇ ಇಲ್ಲ. ಒಂದು ಬೆಳಿಗ್ಗೆ ದಿಬ್ಬ ಜರಿಯಿತು. ರಸ್ತೆ, ಬೇಲಿ, ಸ್ಪ್ರೂಸ್ ಮರಗಳು ಎಲ್ಲ ಒಟ್ಟಿಗೆ ಕಡಲಿಗೆ ಹೋದವು.

ಸುದ್ದಿ ಹೇಳಲು ಉದ್ಯಾನದ ಕಾವಲಿನ ಹುಡುಗಿ ಮಾರಿಬೆಲ್ ನಮ್ಮ ಮನೆಗೇ ಬಂದಳು. ಒಳ್ಳೆಯ ಹುಡುಗಿ. ಬೂಟು ಬಿಚ್ಚಿಟ್ಟು ಒಳಗೆ ಬಂದು, ಕಾಫಿ ಲೋಟ ಹಿಡಿದು, ಕುಡಿಯದೆ ಅದನ್ನೇ ನೋಡುತ್ತ ಕೂತಳು.

"ಹೇಳಮ್ಮ, ಕಾಫಿ ಅಷ್ಟೇನೂ ಕೆಟ್ಟದಾಗಿಲ್ಲ," ಎಂದಳು ಆರ್ಡಿತ್.

"ರಸ್ತೆ ಮತ್ತೆ ಮಾಡೋಕಾಗಲ್ಲ ಅಂತಿದ್ದಾರೆ ಆರ್ಡಿತಮ್ಮ. ಆ ಮಣ್ಣು ಇನ್ನೂ ಜರೀತಾನೇ ಇದೆ. ಕಾಲಲ್ಲಿ ಇಳಿಯೋಕಾದ್ರೂ ಗಟ್ಟಿ ದಾರಿ ಒಂದಿದ್ರೆ ದಂಡೆ ತೆರೆದಿಡಬಹುದು. ಇಲ್ದಿದ್ರೆ ಬೇಸಿಗೆ ಶುರುವಾಗೋ ಮುಂಚೆ ಮುಚ್ಚಿಬಿಡ್ತಾರೆ. ಒಂದ್ಸಲ ಮುಚ್ಚಿದ್ರೆ ಯಾವಾಗ ತೆಗೀತಾರೋ ನನಗೂ ಗೊತ್ತಿಲ್ಲ."

"ದಾರಿ ಇತ್ತು. ರಸ್ತೆಗಿಂತ ಮುಂಚೆ ನಮ್ಮವರು ಹಾರಿಕೊಂಡು ಹೋಗ್ತಿದ್ರಾ?"

"ಎಲ್ಲಿತ್ತು?"

ಅದು ಆರ್ಡಿತ್‌ಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಟ್ರಕ್ಕಿನಲ್ಲಿ ಹೋದವಳು.

"ತೋರಿಸಿ. ನಾನೇ ನಡೆದು ನೋಡ್ತೀನಿ. ಗಟ್ಟಿ ಇದ್ರೆ ನಾನೇ ನಿಂತು ಒಪ್ಪಿಸ್ತೀನಿ," ಎಂದು ಮಾರಿಬೆಲ್ ಎದ್ದಳು.

ಅವಳು ಹೋದ ಮೇಲೆ ಆರ್ಡಿತ್ ಗೋಡೆಗೆ ಒರಗಿಸಿದ್ದ ಬಲೆಯ ಕೋಲು ಹಿಡಿದು ನಿಂತೇ ಇದ್ದಳು. ಅಲೆ ನುಂಗಿದರೂ ಹೆದರದವಳ ಮುಖದಲ್ಲಿ ಆವತ್ತು ನಾನು ಹೆದರಿಕೆ ಕಂಡೆ. ಒಂದು ಬೇಸಿಗೆ ತಪ್ಪಿದರೆ ಮಕ್ಕಳು ಮರೆಯುತ್ತವೆ, ಎರಡು ತಪ್ಪಿದರೆ ಮೀನು ಮಗುಚಲು ಗೊತ್ತಿರುವ ಮುದುಕಿಯರು ಉಳಿದಿರುವುದಿಲ್ಲ.

ಮಾರನೆಯ ದಿನ ಜೋನತ್ತೆಯ ಮನೆಗೆ ಹೋದೆವು. ಜೋನಾ ಆರ್ಡಿತ್‌ಗೆ ಸೋದರತ್ತೆ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಕಣ್ಣು ಮಂಜಾಗಿದ್ದರೂ ನಾಲಿಗೆಗೆ ಏನೂ ಆಗಿರಲಿಲ್ಲ. ಅಣ್ಣನ ಮಗಳನ್ನು ಹೊಗಳಿದ್ದನ್ನು ಯಾರೂ ಕೇಳಿದವರಿಲ್ಲ.

"ಅತ್ತೆ, ನೀವು ಚಿಕ್ಕವರಿದ್ದಾಗ ಕರಿಗುಂಡಿಗೆ ಹೆಂಗೆ ಹೋಗ್ತಿದ್ರಿ?"

"ಊರ ಹಿಂದಿನ ಗುಡ್ಡದ ಏಣು ಹಿಡ್ಕೊಂಡು. ದಿಬ್ಬದ ತುದಿಗೆ ಹೋಗಿ, ಕೂತ್ಕೊಂಡು ಜಾರಿಬಿಡ್ತಿದ್ವಿ. ನಿಮ್ಮಪ್ಪನ ಚಡ್ಡಿ ಪ್ರತಿ ವರ್ಷ ಅಲ್ಲೇ ಹರೀತಿತ್ತು." ಅತ್ತೆ ನಕ್ಕಳು. "ನಿನ್ನ ಕೈಲಿ ಆಗಲ್ಲ ಬಿಡು. ಟ್ರಕ್ಕಲ್ಲಿ ಬೆಳೆದ ಕಾಲು."

ಆ ಮಾತು ನಾಟಿತು. ಆರ್ಡಿತ್ ಊರ ಹಿಂದಿನ ಏಣಿನಿಂದಲೇ ಹುಡುಕಲು ಶುರುಮಾಡಿದಳು. ಬೆಳಿಗ್ಗೆ ಹೋಗುವುದು, ಕತ್ತಲಾಗುವ ಮುಂಚೆ ಮೈಯೆಲ್ಲ ಒದ್ದೆಯಾಗಿ ಬರುವುದು. ದಿಬ್ಬ ಜರಿದ ಕಡೆ ಹೇಗೂ ಆಗದು, ಅದರ ಪಕ್ಕದಲ್ಲಿ ಎಲ್ಲಾದರೂ ಹಳೆಯ ಹೆಜ್ಜೆಯ ಗುರುತು ಇರಬೇಕು ಎಂದು ಅವಳ ಲೆಕ್ಕ. ಒಂದು ಒಳ್ಳೆಯ ಸವೆದ ಹಾದಿ ಸಿಕ್ಕಿತು ಎಂದು ಕುಣಿಯುತ್ತ ಬಂದಳು. ಎರಡು ದಿನ ಅದರ ಹಿಂದೆ ಹೋದರೆ ಅದು ಕಡವೆಗಳ ಹಾದಿ, ಕೊನೆಗೆ ಕೆಸರಿಗೆ ಕರೆದೊಯ್ದು ಬಿಟ್ಟಿತು.

ಅದರ ಮೇಲೆ ಇನ್ನೊಂದು ತೊಡಕು. ನಮ್ಮವರಿಗೆ ದಾರಿ ಅಂದರೆ ಮನುಷ್ಯರ ಹಾಗೆ, ಅದಕ್ಕೂ ಮುನಿಸು ಇರುತ್ತದೆ. ದಾರಿ ಬಿಟ್ಟು ಪಕ್ಕಕ್ಕೆ ಕಾಲಿಟ್ಟರೆ ಕೂತು ದಣಿವಾರಿಸಿಕೊಂಡು, ಒಂದು ಮಾತು ಹೇಳಿ, ಆಮೇಲೆ ಮತ್ತೆ ದಾರಿಗೆ ಬರಬೇಕು. ನಡುದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲುವ ಹಾಗೂ ಇಲ್ಲ, ನಿಲ್ಲುವುದಕ್ಕೆಂದೇ ತಾವುಗಳಿರುತ್ತವೆ. ಆರ್ಡಿತ್ ಇದನ್ನು ಬಿಡುವವಳಲ್ಲ. ದಾರಿಯೇ ಇಲ್ಲದ ಕಡೆ ದಾರಿ ತಪ್ಪಿ, ತಪ್ಪಿದಾಗಲೆಲ್ಲ ಕೂತು, ಕ್ಷಮೆ ಕೇಳಿ, ಎದ್ದು ಹುಡುಕುತ್ತಿದ್ದಳು. ಒಮ್ಮೆ ಜೊತೆಗೆ ಹೋಗಿದ್ದ ಮಾರಿಬೆಲ್ ಕೇಳಿಯೇಬಿಟ್ಟಳಂತೆ.

"ಆರ್ಡಿತಮ್ಮ, ಸುಸ್ತಾಯ್ತಾ?"

"ಇಲ್ಲಮ್ಮ."

"ಮತ್ತೆ ಯಾಕೆ ಇಷ್ಟು ಸಲ ಕೂರ್ತಿದ್ದೀರಿ?"

"ಮರ್ಯಾದೆಗೆ."

ಹುಡುಗಿಯೂ ಪಕ್ಕದಲ್ಲಿ ಕೂತಳಂತೆ. ಅವತ್ತಿನಿಂದ ಆರ್ಡಿತ್‌ಗೆ ಅವಳ ಮೇಲೆ ಅಕ್ಕರೆ.

ಸಾಮನ್‌ಬೆರಿ ಗಿಡ ಹೂ ಬಿಟ್ಟು ಕಾಯಿ ಕಟ್ಟಿತು. ಬೇಸಿಗೆ ಹತ್ತಿರ ಬಂತು, ದಾರಿ ಸಿಗಲಿಲ್ಲ. ಒಂದು ಸಂಜೆ ಆರ್ಡಿತ್ ಜೋನತ್ತೆಯ ಒಲೆಯ ಮುಂದೆ ಬೂಟು ಒಣಗಿಸುತ್ತ ಕೂತಿದ್ದಳು. ನಾನು ಗಂಜಿ ಬಡಿಸುತ್ತಿದ್ದೆ. ಅತ್ತೆ ಕಡ್ಡಿ ಆಡಿಸಿದಳು.

"ಸಿಕ್ತಾ ನಿನ್ನ ದಾರಿ?"

"ಸಿಕ್ಕಿದ್ರೆ ಹಿಂಗೆ ಕೂತಿರ್ತಿದ್ನಾ?"

"ನಾನು ಹುಡುಗಿಯಾಗಿದ್ದಾಗ್ಲೇ ಬೆನ್ನ ಮೇಲೆ ಮೀನು ಹೊತ್ಕೊಂಡು ಗುಡ್ಡದ ಮೇಲಿನ ಹುಲ್ಲುಬಯಲಿಗೆ ಓಡ್ತಿದ್ದೆ."

ಆರ್ಡಿತ್ ಬೂಟು ಕೆಳಗಿಟ್ಟಳು. "ಹುಲ್ಲುಬಯಲಿಗಾ? ಯಾಕೆ?"

"ಯಾಕೆ ಅಂದ್ರೆ? ದಂಡೇಲಿ ಮಂಜು ಕವಿದ್ರೆ ಮೀನು ಒಣಗುತ್ತಾ? ಕೊಳೆಯುತ್ತೆ. ಮಂಜಿನ ಮೇಲೆ ಹತ್ತಿ ಬಿಸಿಲಲ್ಲಿ ಹರಡ್ತಿದ್ವಿ. ಹಸಿ ಮೀನು, ನೀರು ಸೋರ್ತಾ ಇರೋದು. ಬೆನ್ನು ಮುರಿದು ಹೋಗ್ತಿತ್ತು. ನಾನು ಅಳ್ತಿದ್ದೆ, ನಮ್ಮಜ್ಜಿ ಹಿಂದಿಂದ ಬೈತಿದ್ರು."

"ಹೋಗೋ ದಾರಿ ಏಣಿನ ಮೇಲೆ ಅಂದ್ರಿ!"

"ಹೋಗೋ ದಾರಿ ಕೇಳ್ದೆ, ಹೇಳ್ದೆ. ಬರೋ ದಾರಿ ಕೇಳ್ದ್ಯಾ?" ಅತ್ತೆಗೆ ಸಿಟ್ಟು ಬಂತು. "ಬರಿಗೈಲಿ ಜಾರ್ಕೊಂಡು ಹೋಗೋದಕ್ಕೆ ದಾರಿ ಯಾಕೆ ಬೇಕು? ದಾರಿ ಮಾಡೋದು ಹೊತ್ಕೊಂಡು ಬರೋದಕ್ಕೆ."

ಒಲೆಯ ಮುಂದೆ ಆರ್ಡಿತ್ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕೆಳಗಿನಿಂದ ಮೇಲಕ್ಕೆ, ಅದೂ ಬೇರೆಯೇ ಕಡೆಗೆ ಹೋಗುವ ದಾರಿಯನ್ನು ಅವಳು ಮೇಲಿನಿಂದ ಕೆಳಕ್ಕೆ ಹುಡುಕಿದ್ದಳು. ಆಮೇಲೆ ಎದ್ದು ಗೋಡೆಗೆ ನೇತುಹಾಕಿದ್ದ ಅತ್ತೆಯ ಹಳೆಯ ಹೊರೆಬುಟ್ಟಿಯನ್ನು, ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಹೊರುವಂಥದ್ದನ್ನು, ಇಳಿಸಿದಳು.

"ಅದನ್ನೆಲ್ಲಿಗೆ ಒಯ್ತೀಯೇ? ಅದು ನಮ್ಮಜ್ಜಿ ಹೆಣೆದದ್ದು."

"ಹೊತ್ಕೊಂಡು ನೋಡ್ತೀನಿ ಅತ್ತೆ. ಭಾರ ಇದ್ರೆ ಕಾಲಿಗೆ ತಾನೇ ಗೊತ್ತಾಗುತ್ತೆ ಎಲ್ಲಿ ತಿರುಗಬೇಕು, ಎಲ್ಲಿ ಇಳಿಸಬೇಕು ಅಂತ."

ಅತ್ತೆ ಅವಳ ಕಡೆ ಮಂಜುಗಣ್ಣು ತಿರುಗಿಸಿದಳು. "ಟೋಪಿನೂ ತಗೊಂಡು ಹೋಗು. ಪಟ್ಟಿ ಹಣೆಗೆ ಕೊಯ್ಯುತ್ತೆ," ಎಂದಷ್ಟೇ ಹೇಳಿದಳು.

ನೀರು ಇಳಿದ ಮೊದಲ ಬೆಳಿಗ್ಗೆ ನಾವಿಬ್ಬರೂ ಬಂಡೆ ಸುತ್ತಿ ಕರಿಗುಂಡಿಗೆ ಹೋದೆವು. ಮಂಜು ಎಷ್ಟು ಕವಿದಿತ್ತೆಂದರೆ ಅಲೆಯ ಸದ್ದಿತ್ತು, ಅಲೆ ಇರಲಿಲ್ಲ. ಆರ್ಡಿತ್ ಬುಟ್ಟಿಗೆ ಹಸಿ ಮರಳು ತುಂಬಿದಳು.

"ಸಾಕೇ, ಅರ್ಧ ಸಾಕು," ಎಂದೆ.

"ಅರ್ಧ ಹೊತ್ರೆ ಅರ್ಧ ದಾರಿ ಸಿಗುತ್ತೆ ಅತ್ತಿಗೆ."

ಹೆಣೆದ ಟೋಪಿ ಹಾಕಿ, ಅದರ ಮೇಲೆ ಹಣೆಪಟ್ಟಿ ಕೂರಿಸಿ, ಮುಂದಕ್ಕೆ ಬಾಗಿ ಎದ್ದಳು. ನಾನು ಹೊಗೆಯಾಡಿಸಿದ ಸಾಮನ್ ಮೀನು, ಕರಿದ ರೊಟ್ಟಿ ಕಟ್ಟಿಕೊಂಡು ಹಿಂದೆ ಹೊರಟೆ. ದಂಡೆಯ ಉತ್ತರದ ಮೂಲೆಯಲ್ಲಿ ಒಂದು ತೊರೆ ಇಳಿಯುತ್ತದೆ. ತೊರೆಯ ಪಕ್ಕ ಹತ್ತುವುದು ಸುಲಭವಾಗಿ ಕಂಡಿತು, ನಾನಾದರೆ ಅಲ್ಲೇ ಹತ್ತುತ್ತಿದ್ದೆ. ಅವಳು ನಾಲ್ಕು ಹೆಜ್ಜೆ ಇಟ್ಟು ನಿಂತಳು. "ಇಲ್ಲ. ಮಂಡಿ ಬೇಡ ಅಂತಿದೆ." ಅಡ್ಡಕ್ಕೆ ತಿರುಗಿದಳು. ಎದೆಮಟ್ಟದ ಜರಿಗಿಡಗಳು, ಅದರೊಳಗೆ ಏನೂ ಕಾಣದು. ಆದರೆ ಕಾಲ ಕೆಳಗಿನ ನೆಲ ಒಂದು ಮೊಳದಷ್ಟು ಅಗಲಕ್ಕೆ ಮಟ್ಟವಾಗಿತ್ತು. ಹಿಂದಿದ್ದ ನನ್ನ ಮಂಡಿಗೂ ಅದು ತಿಳಿಯಿತು.

ಹಾಗೆಯೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸ್ಪ್ರೂಸ್ ಮುಗಿದು ರೆಡ್‌ವುಡ್ ಶುರುವಾಯಿತು. ಮರಗಳ ತುದಿ ಮಂಜಿನಲ್ಲಿ ಮುಳುಗಿ, ಅಲ್ಲಿಂದ ಹನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿತ್ತು. ಆರ್ಡಿತ್‌ನ ಉಸಿರು ಜೋರಾಯಿತು. ಕುತ್ತಿಗೆಯ ನರ ಎದ್ದವು.

"ಇಳಿಸೇ ಆರ್ಡಿತ್."

"ಇನ್ನೂ ಇಲ್ಲ... ಇನ್ನು ಸ್ವಲ್ಪ... ಈಗ ಆಗಲ್ಲ ಅತ್ತಿಗೆ, ಇಲ್ಲಿ ಇಳಿಸಲೇಬೇಕು."

ಅವಳು ನಿಂತ ಕಡೆ ಬೆಂಕಿಯಲ್ಲಿ ಎಂದೋ ಬುಡ ಟೊಳ್ಳಾದ ಒಂದು ದೊಡ್ಡ ಮರವಿತ್ತು. ಟೊಳ್ಳಿನ ಬಾಯಲ್ಲಿ ಸೊಂಟದ ಎತ್ತರಕ್ಕೆ ಒಂದು ಅಡ್ಡ ಕಚ್ಚು. ಯಾರೋ ಕೆತ್ತಿ ಕಾಲವಾಗಿ, ತೊಗಟೆ ಬೆಳೆದು ಅದರ ಅಂಚು ತುಟಿಯ ಹಾಗೆ ಉಬ್ಬಿತ್ತು. ಆರ್ಡಿತ್ ಹಿಂದಕ್ಕೆ ಸರಿದು ಒರಗಿದಳು. ಬುಟ್ಟಿಯ ತಳ ಆ ಕಚ್ಚಿನ ಮೇಲೆ ಕೂತಿತು. ಅವಳು ಬಾಗಲೂ ಇಲ್ಲ, ನಾನು ಕೈ ಹಿಡಿಯಲೂ ಇಲ್ಲ. ಹಣೆಪಟ್ಟಿ ತಾನಾಗಿ ಸಡಿಲವಾಯಿತು.

ಅವಳು ಮಂಡಿಯೂರಿ ಬುಡದ ಒಣಸೊಪ್ಪನ್ನು ಕೈಯಿಂದ ಬಗೆದಳು. ಅದರ ಕೆಳಗೆ ಮಣ್ಣು, ಮಣ್ಣಿನೊಳಗೆ ಕರಿಯ ನುಣುಪು ಕಲ್ಲುಗಳು. ಒಂದಲ್ಲ, ರಾಶಿ. ಕಡಲು ಉಜ್ಜಿ ಉಜ್ಜಿ ದುಂಡಗೆ ಮಾಡಿದ ಕರಿಗುಂಡಿನ ಕಲ್ಲುಗಳು. ಕಡಲು ಅಷ್ಟು ಎತ್ತರಕ್ಕೆ ಯಾವ ಕಾಲಕ್ಕೂ ಬಂದಿಲ್ಲ. ಮೀನಿನ ಜೊತೆ ಬುಟ್ಟಿಯ ತಳಕ್ಕೆ ಬಂದ ಕಲ್ಲನ್ನು ನಮ್ಮ ಅಜ್ಜಿಯಂದಿರು ದಣಿವಾರಿಸಿಕೊಳ್ಳುವಾಗ ಆರಿಸಿ ಅಲ್ಲೇ ಬಿಟ್ಟು ಹೋಗಿದ್ದರು.

"ಇಷ್ಟು ಜನ ಕೂತಿದ್ದಾರೆ ಇಲ್ಲಿ," ಎಂದಳು ಆರ್ಡಿತ್.

ಆಮೇಲೆ ಕಷ್ಟವಾಗಲಿಲ್ಲ. ಬೆನ್ನು ಇನ್ನು ಆಗದು ಎಂದ ಕಡೆಯಲ್ಲೆಲ್ಲ ಒಂದು ತಾವು ಸಿಕ್ಕಿತು. ಒಂದು ಕಡೆ ಚಪ್ಪಟೆ ಬಂಡೆ, ಒಂದು ಕಡೆ ಬಿದ್ದ ಮರದ ದಿಮ್ಮಿ, ಅದರ ಮೇಲೆ ಎಳೆಮರಗಳೇ ಸಾಲಾಗಿ ಬೆಳೆದಿದ್ದವು. ಬಗೆದ ಕಡೆಯೆಲ್ಲ ಕಡಲ ಕಲ್ಲು. ಕೊನೆಗೆ ಮಂಜು ತೆಳುವಾಗಿ, ಬೆಳಕು ಹಳದಿಯಾಗಿ, ನಾವು ಹುಲ್ಲುಬಯಲಿನ ಬಿಸಿಲಿಗೆ ತಲೆಯೆತ್ತಿದೆವು. ಬಯಲಿನಾಚೆ ಉದ್ಯಾನದ ರಸ್ತೆ ಕಾಣುತ್ತಿತ್ತು. ಕಡವೆಗಳ ಹಿಂಡು ಮೇಯುವುದು ಬಿಟ್ಟು ನಮ್ಮನ್ನೇ ನೋಡಿತು. ಆರ್ಡಿತ್ ಮರಳು ಸುರಿದು ಬುಟ್ಟಿ ಮಗುಚಿಟ್ಟು ಹುಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟಳು.

ಮಾರಿಬೆಲ್ ಬಂದಳು. ಬಂದವಳು ತನಗೂ ಬುಟ್ಟಿ ಬೇಕೆಂದಳು.

"ಯಾಕಮ್ಮ? ಬರಿಗೈಲಿ ನೋಡಿದ್ರೂ ಗಟ್ಟಿ ಗೊತ್ತಾಗುತ್ತೆ."

"ನೀವು ಹೊತ್ಕೊಂಡು ಓಡಾಡೋ ದಾರಿ. ನಾನು ಹೊತ್ಕೊಂಡೇ ನೋಡ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ನಡೆದಿದ್ದೀನಿ ಅನ್ನೋಕೆ ಆಗ್ಬೇಕಲ್ಲ."

ಹೊತ್ತಳು. ನಡೆಯುತ್ತ ಮಣ್ಣು ಒತ್ತಿ ನೋಡಿದಳು, ಬೇರು ಎಲ್ಲೆಲ್ಲಿ ಹಿಡಿದಿದೆ ನೋಡಿದಳು, ತೊರೆ ದಾಟುವಲ್ಲಿ ಎರಡು ಹಲಗೆ ಹಾಕಬೇಕೆಂದಳು. ಅದು ನಮಗೆ ತೋಚಿರಲಿಲ್ಲ, ಮಳೆ ಬಂದರೆ ಅದು ಬೇಕೇ ಬೇಕು. ಟೊಳ್ಳುಮರದ ಹತ್ತಿರ ಬರುವಾಗ ಅವಳ ಮುಖ ಸಾಮನ್‌ನ ಮಾಂಸದ ಹಾಗೆ ಕೆಂಪಾಗಿತ್ತು. ಕಚ್ಚಿಗೆ ಬುಟ್ಟಿ ಕೊಟ್ಟು ಒರಗಿ, "ಅಯ್ಯಪ್ಪಾ" ಎಂದು ಉಸಿರು ಬಿಟ್ಟಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಹೇಳಿದಳು, "ನಮ್ಮ ಉದ್ಯಾನದವರು ಇಲ್ಲಿ ಬೆಂಚು ಹಾಕೋಕೆ ಬಂದ್ರೆ ನಾನು ಬಿಡಲ್ಲ."

ದಂಡೆ ಮುಚ್ಚಲಿಲ್ಲ. ಉದ್ಯಾನದ ಕೆಲಸದವರು ಹಲಗೆ ಹಾಕಿದರು, ಜರಿಗಿಡ ಸವರಿದರು. ಹುಲ್ಲುಬಯಲಿನ ತುದಿಯಲ್ಲಿ ದಾರಿ ತೋರಿಸುವ ಒಂದು ಕಂಬ ನೆಟ್ಟರು.

ಆ ಬೇಸಿಗೆ ಮೀನು ತಡವಾಗಿ ಬಂತು, ಆದರೆ ಬಂದಾಗ ಅಲೆಯೇ ಬೆಳ್ಳಿಯಾಗಿ ಬಂತು. ಪೆಲಿಕನ್ ಹಕ್ಕಿಗಳು ಸಾಲುಗಟ್ಟಿ ಮುಳುಗುತ್ತಿದ್ದವು. ಜೋನತ್ತೆ ತಾನೂ ಬರುತ್ತೇನೆಂದಳು. ಬೇಡವೆಂದರೆ ಕೇಳಲಿಲ್ಲ. ಹುಲ್ಲುಬಯಲಿನಿಂದ ನನ್ನ ತೋಳು ಹಿಡಿದು ಇಳಿದಳು. ಒಂದೊಂದು ತಾವಿನಲ್ಲೂ ಕೂತು, ಕಲ್ಲುಗಳನ್ನು ಕೈಯಲ್ಲಿ ಆಡಿಸಿ, ಸತ್ತುಹೋದವರನ್ನೆಲ್ಲ ಹೆಸರು ಹಿಡಿದು ಬೈದು, ಎದ್ದು ಮುಂದೆ ನಡೆದಳು. ದಾರಿ ಎಷ್ಟು ಸಾವಧಾನವಾಗಿತ್ತೆಂದರೆ ಅವಳ ಕಾಲು ಒಮ್ಮೆಯೂ ಜಾರಲಿಲ್ಲ. ದಂಡೆಯಲ್ಲಿ ಅವಳನ್ನು ದಿಮ್ಮಿಗೆ ಒರಗಿಸಿ ಕಂಬಳಿ ಹೊದಿಸಿದೆ.

ಆರ್ಡಿತ್ ಆಗಲೇ ನೀರಿನಲ್ಲಿದ್ದಳು. ಅಲೆ ಏಳುವುದು, ಅವಳು ನುಗ್ಗುವುದು, ನೊರೆಯಲ್ಲಿ ಕಾಣೆಯಾಗುವುದು, ಮೀನು ಪಟಪಟ ಬಡಿಯುವ ಬಲೆ ಹೊತ್ತು ಹಿಂದಕ್ಕೆ ಹೆಜ್ಜೆಯಿಡುತ್ತ ಬರುವುದು. ಊರಿನ ಮಕ್ಕಳೆಲ್ಲ ಜರಿಸೊಪ್ಪು ಹಾಸುತ್ತಿದ್ದವು.

ಎಲ್ಲಿಂದಲೋ ಕಾಡು ನೋಡಲು ಬಂದ ಗಂಡಹೆಂಡತಿ, ಬೆನ್ನಿಗೆ ಚೀಲ ಕಟ್ಟಿಕೊಂಡವರು, ಆ ದಾರಿಯಲ್ಲೇ ಇಳಿದು ಬಂದು ನಮ್ಮ ಪಕ್ಕ ನಿಂತರು. ಹೆಂಗಸಿಗೆ ಗಾಬರಿ.

"ಅಯ್ಯೋ, ಆ ನೀರಲ್ಲಿ ಯಾರೋ ಇದ್ದಾರಲ್ಲ! ಯಾರಾದ್ರೂ ಕರೀಬಾರದಾ?"

ಅತ್ತೆ ಕತ್ತು ಎತ್ತಿದಳು. "ಅವಳನ್ನ ಯಾಕೆ ಕರೀಬೇಕು? ಅವಳು ನಮ್ಮಣ್ಣನ ಮಗಳು. ನೀವು ಇಳಿದು ಬಂದ್ರಲ್ಲ, ಆ ದಾರಿನ ಹುಡುಕಿದವಳು. ಮರಳು ಹೊತ್ಕೊಂಡು ಹುಡುಕಿದ್ಳು. ನಮ್ಮ ಮನೆತನದಲ್ಲಿ ಅಂಥವಳು ಇನ್ನೊಬ್ಬಳು ಹುಟ್ಟಿಲ್ಲ." ಸ್ವಲ್ಪ ತಡೆದು ಸೇರಿಸಿದಳು, "ಬಲೆ ಮಾತ್ರ ಇನ್ನೂ ವಾರೆ ಹಿಡೀತಾಳೆ."

ಅಲೆಯ ಸದ್ದಿನಲ್ಲಿ ಆರ್ಡಿತ್‌ಗೆ ಒಂದು ಅಕ್ಷರವೂ ಕೇಳಿರಲಿಲ್ಲ.

ಮಧ್ಯಾಹ್ನ ಮಂಜು ಒಳಗೆ ಬಂತು. ಮೀನನ್ನು ಮೇಲಕ್ಕೆ ಒಯ್ಯಬೇಕಾಯಿತು. ಅಷ್ಟರಲ್ಲಿ ಬಂದಿದ್ದ ಮಾರಿಬೆಲ್ ಅತ್ತೆಯ ಕೈಹಿಡಿದು ಮೊದಲು ಹೊರಟಳು. ಆರ್ಡಿತ್ ದೊಡ್ಡ ಬುಟ್ಟಿ ಹೊತ್ತಳು, ನಾನು ಚಿಕ್ಕದು. ಸ್ಪ್ರೂಸ್ ಮರಗಳ ನಡುವೆ ಹತ್ತುತ್ತ ನನಗೆ ತಡೆಯಲಾಗಲಿಲ್ಲ.

"ಜೋನತ್ತೆ ನಿನ್ನ ಹೊಗಳಿದ್ರು ಕಣೇ."

ಮುಂದೆ ಹೋಗುತ್ತಿದ್ದ ಬುಟ್ಟಿ ಒಂದು ಕ್ಷಣ ಅಲುಗಿತು.

"ಸುಳ್ಳು."

"ದಂಡೇಲಿ ನಿಂತ ಪರಸ್ಥಳದವರ ಮುಂದೆ. ನನ್ನ ಕಿವಿಯಾರೆ ಕೇಳ್ದೆ."

"ಏನಂದ್ರು? ಇರಿ, ಇರಿ ಅತ್ತಿಗೆ, ಹೇಳ್ಬೇಡಿ. ಇಲ್ಲಿ ನಿಲ್ಲೋ ಹಾಗಿಲ್ಲ."

ಅವಳ ನಡಿಗೆ ಚುರುಕಾಯಿತು. ಬೆನ್ನ ಮೇಲೆ ಹಸಿ ಮೀನಿನ ಹೊರೆ ಇಟ್ಟುಕೊಂಡು ಆ ವಯಸ್ಸಿನವಳು ಹಾಗೆ ಹತ್ತಿದ್ದನ್ನು ನಾನು ನೋಡಿದ್ದೇನೆ. ಉಪ್ಪುನೀರು ಬುಟ್ಟಿಯಿಂದ ಅವಳ ಹಿಮ್ಮಡಿಗೆ ಸೋರುತ್ತಿತ್ತು. ಟೊಳ್ಳುಮರ ಬಂತು. ತಿರುಗಿ ನಿಂತು, ಬುಟ್ಟಿಯನ್ನು ಕಚ್ಚಿಗೆ ಕೊಟ್ಟು, ಹಣೆಪಟ್ಟಿ ತೆಗೆದು, ಟೋಪಿ ಸರಿಮಾಡಿಕೊಂಡು, ಮದುವೆಗೆ ಬಂದವಳ ಹಾಗೆ ಕಾಲು ಮಡಿಸಿ ಕೂತಳು. ನನಗೂ ಪಕ್ಕದಲ್ಲಿ ಜಾಗ ತೋರಿಸಿದಳು.

"ಈಗ ಹೇಳಿ ಅತ್ತಿಗೆ. ಮೊದಲಿಂದ. ಏನೂ ಬಿಡಬೇಡಿ."